ಥ್ರಿಲ್ ಎಂದರೆ ತೂತು, ಮಾರಾಯ

ಪ್ರೀತಿಯ ರವಿ,

ಮಗಳಿಗೆ ಕೆಲಸ ಸಿಕ್ಕಿದ ಸುದ್ದಿ ಓದಿ ಕುಣಿಯುವಷ್ಟು ಸಂತೋಷವಾಯಿತು. ಅವಳು ಕಂಪನಿಗೆ ಬರೆದ ಉತ್ತರದಲ್ಲಿ ‘ಐ ಆ್ಯಮ್ ಥ್ರಿಲ್ಲಿಂಗ್’ ಎಂದದ್ದು ಸರಿಯೇ ಎಂದು ಕೇಳಿದ್ದೀಯ. ಸರಿಯಲ್ಲ. ‘ನಾನು ಬಹಳ ರೋಮಾಂಚಕಾರಿ’ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ ಹಾಗಾಯಿತು! ಸುದ್ದಿ ಥ್ರಿಲ್ಲಿಂಗ್, ಕೇಳಿದವಳು ಥ್ರಿಲ್ಡ್. ಪುಳಕಗೊಳಿಸುವುದು ಅಲ್ಲಿ ಸುದ್ದಿಯ ಕೆಲಸ, ಅನುಭವಿಸುವವರು ಬರೀ ಕರ್ಮಪದ. ನಾವಾದರೋ ‘ನನಗೆ ಪುಳಕವಾಯಿತು’ ಎಂದು ಚತುರ್ಥಿ ವಿಭಕ್ತಿಯಲ್ಲಿ ಆರಾಮಾಗಿ ಕುಳಿತಿರುತ್ತೇವೆ. ಎಡವುವುದು ಇಲ್ಲೇ. ಇರಲಿ ಬಿಡು, ಕೆಲಸ ಕೊಟ್ಟವರು ವ್ಯಾಕರಣ ನೋಡಿ ಕೊಟ್ಟಿರಲಾರರು.

ಈ ಪದದ ಹುಟ್ಟು ಇನ್ನೂ ಮಜವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಥ್ಯುರೆಲ್’ ಎಂದರೆ ತೂತು. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಚುಚ್ಚು, ಕೊರೆ ಎಂಬ ಅರ್ಥ. ಮುಂದೆ ರಕಾರ ಜಾಗ ಬದಲಿಸಿ ‘ಥಿರ್ಲ್’ ಹೋಗಿ ‘ಥ್ರಿಲ್’ ಬಂದಿತು. ಮೂಗಿನ ಹೊಳ್ಳೆಗೆ ನಾಸ್ಟ್ರಿಲ್ ಎನ್ನುತ್ತಾರಲ್ಲ, ಅದರ ಬಾಲದಲ್ಲಿರುವುದೂ ಇದೇ ತೂತು. ಮೊದಲು ಈಟಿ ಮೈಯನ್ನು ತೂರುತ್ತಿತ್ತು, ಆಮೇಲೆ ಭಾವ ತೂರತೊಡಗಿತು. ಸಂತೋಷವೇ ಆಗಬೇಕೆಂದಿಲ್ಲ, ಶೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದಲ್ಲಿ ರಕ್ತ ಥ್ರಿಲ್ ಆಗುವುದು ಹೆದರಿಕೆಯಿಂದ. ನಮ್ಮ ರೋಮಾಂಚವೂ ಹಾಗೆಯೇ. ನಾಟ್ಯಶಾಸ್ತ್ರ ಹೇಳುವ 8 ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಮನಸ್ಸಿನೊಳಗಿನದು ತಾನಾಗಿ ಮೈಮೇಲೆ ಕಾಣುವ ಬಗೆಗಳಲ್ಲಿ, ಅದೂ ಒಂದು. ಚಳಿಗೂ ಏಳುತ್ತದೆ, ಭಯಕ್ಕೂ ಹರ್ಷಕ್ಕೂ ಏಳುತ್ತದೆ. ಇಂಗ್ಲಿಷಿನವರಿಗೆ ಒಳಕ್ಕೆ ಚುಚ್ಚಿದ್ದು ನಮಗೆ ಮೈನವಿರಾಗಿ ಹೊರಗೆ ನಿಲ್ಲುತ್ತದೆ, ಅಷ್ಟೇ.

ಆದರೆ ನಮ್ಮ ಮನೆಯಲ್ಲಿ ಈ ಪದಕ್ಕೆ ಈಗ ಬೇರೆಯೇ ಬಳಕೆ. ಚಿಕ್ಕಪ್ಪನ ಡಯಾಲಿಸಿಸ್ ವಿಷಯ ನಿನಗೆ ಗೊತ್ತಲ್ಲ. ಸೂಜಿ ಹಾಕಲು ಅನುಕೂಲವಾಗಲೆಂದು ಎಡ ಮಣಿಕಟ್ಟಿನ ಬಳಿ ಅಪಧಮನಿಗೆ ಅಭಿಧಮನಿಯನ್ನು ಕೂಡಿಸಿ ಹೊಲಿದಿದ್ದಾರೆ, ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ ಚರ್ಮದಡಿ ಸಣ್ಣ ನಡುಕ. ವೈದ್ಯರ ಭಾಷೆಯಲ್ಲಿ ಅದರ ಹೆಸರೇ ಥ್ರಿಲ್! ಅದು ಕೈಗೆ ಸಿಗದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಚಿಕ್ಕಪ್ಪ ಎದ್ದ ಕೂಡಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ಕೂರುತ್ತಾರೆ. ಚಿಕ್ಕಮ್ಮ ಅರ್ಧ ಲೋಟ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. ಚಿಕ್ಕಪ್ಪ ಕುಡಿಯುವ ನೀರಿಗೂ ಈಗ ಲೆಕ್ಕ. ‘ಥ್ರಿಲ್ ಇದೆ ಕಣೇ’ ಎಂದ ಮೇಲೆಯೇ ಲೋಟ ಕೈಗೆ ಬರುವುದು.

ಮುಂದಿನ ವಾರ ಊರಿಗೆ ಬರುವಾಗ ಮಗಳನ್ನೂ ಕರೆದುಕೊಂಡು ಬಾ. ಚಿಕ್ಕಪ್ಪ ಅವಳನ್ನು ಕೇಳುತ್ತಿದ್ದರು.

ನಿನ್ನ,
ಶ್ರೀಧರ