ಹೋದ ವರ್ಷ ಬರೆಸಿದ್ದು ಏನಾಯ್ತು? ಪಂಚಾಯತ್ ರಾಜ್ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವನು. ನಮ್ಮ ವಾರ್ಡ್ ಸಭೆ ನಡೆಯುವುದು ಮಾರಮ್ಮನ ಗುಡಿ ಮುಂದಿನ ಅರಳಿಕಟ್ಟೆಯಲ್ಲಿ. ಹೋದ ಸಲ ಸೇರಿದ್ದವರು ಹದಿನೇಳು ಮಂದಿ. ಪಂಚಾಯತಿಯವರನ್ನು ಬಿಟ್ಟರೆ ಹನ್ನೊಂದು. "ಬೇಡಿಕೆ ಏನಿದೆ, ಬರೆಸಿ" ಎಂದರು ನೋಡಲ್ ಅಧಿಕಾರಿ. ಕಾಲೊನಿಯ ಒಬ್ಬ ಅಜ್ಜಿ ಎದ್ದು ನಿಂತು, "ಹೋದ ವರ್ಷ ಸ್ಮಶಾನದ ದಾರಿ ಬರೆಸಿದ್ನಲ್ಲ ಸ್ವಾಮಿ, ಅದೇನಾಯ್ತು ಹೇಳಿ. ಆಮೇಲೆ ಹೊಸದು ಬರೆಸ್ತೀನಿ" ಅಂದರು. ಉತ್ತರ ಹೇಳುವವರು ಯಾರೂ ಇರಲಿಲ್ಲ. ಹಳೆಯ ನಡಾವಳಿ ಪುಸ್ತಕ ಕಚೇರಿಯ ಬೀರುವಿನಲ್ಲಿತ್ತು. ಅಜ್ಜಿ ಸೆರಗು ಕೊಡವಿಕೊಂಡು ಮನೆಗೆ ಹೊರಟರು.

ಆ ಪ್ರಶ್ನೆಯನ್ನು ತಮಗೆ ಮುಟ್ಟಿಸಲೆಂದೇ ಈ ಪತ್ರ.

ಜನಕ್ಕೆ ಆಸಕ್ತಿ ಇಲ್ಲ, ಸಭೆಗೆ ಬರುವುದಿಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನಾನದನ್ನು ಒಪ್ಪುವುದಿಲ್ಲ. ಜಾತ್ರೆಯ ಲೆಕ್ಕ ಒಪ್ಪಿಸುವ ದಿನ ಇದೇ ಜನ ಅದೇ ಕಟ್ಟೆ ತುಂಬಾ ಕೂತು, ಚಂದಾ ಎಷ್ಟು ಬಂತು, ಪೆಂಡಾಲಿಗೆ ಎಷ್ಟು ಹೋಯಿತು ಎಂದು ಪೈಸೆ ಪೈಸೆ ಕೇಳುತ್ತಾರೆ. ಅಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದಕ್ಕೂ ಮೊದಲೇ, 1987ರಲ್ಲಿ, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ಕಟ್ಟಿದ ರಾಜ್ಯ ನಮ್ಮದು. ಕಾನೂನಿಗೆ ಕೊರತೆಯಿಲ್ಲ. ವಾರ್ಡ್ ಸಭೆಯಲ್ಲಿ ಎದ್ದ ಬೇಡಿಕೆ ಗ್ರಾಮಸಭೆಯಲ್ಲಿ ಆದ್ಯತೆ ಪಡೆದು, ಪಂಚಾಯತಿಯ ಕ್ರಿಯಾಯೋಜನೆಯಾಗಿ, ತಾಲ್ಲೂಕು, ಜಿಲ್ಲೆ ಹಾದು ಜಿಲ್ಲಾ ಯೋಜನಾ ಸಮಿತಿ ಮುಟ್ಟಬೇಕು. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಏಣಿಯ ನಡುವಿನ ಮೆಟ್ಟಿಲುಗಳೇ ಇಲ್ಲದಿದ್ದರೆ ಕೆಳಗೆ ನಿಂತವರು ಯಾರನ್ನು ಕೂಗಿ ಕೇಳಬೇಕು?

ಅಜ್ಜಿಯ ದಾರಿ ಯಾಕೆ ಆಗಲಿಲ್ಲವೆಂದು ಆಮೇಲೆ ನಾನೇ ಕಚೇರಿಗೆ ಹೋಗಿ ವಿಚಾರಿಸಿದೆ. ಕೇಂದ್ರದಿಂದ ಪಂಚಾಯತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಬೀದಿದೀಪ, ರಸ್ತೆಯಂಥದ್ದೆಲ್ಲ ಉಳಿದ ಶೇ. 40ರಲ್ಲೇ ಆಗಬೇಕಿತ್ತು. ಜೊತೆಗೆ ದಾರಿಯ ಒಂದು ತುಂಡು ಖಾಸಗಿ ಜಮೀನಿನಲ್ಲಿ ಹಾದುಹೋಗುತ್ತದೆ, ಸರ್ವೆ ಆಗಿಲ್ಲ. ಐದು ನಿಮಿಷದ ಮಾತು. ಇದನ್ನೇ ಕಟ್ಟೆಯ ಮೇಲೆ ಹೇಳಿದ್ದರೆ ಅಜ್ಜಿ ಆ ಜಮೀನಿನವರ ಮನೆಗೇ ಹೋಗುತ್ತಿದ್ದರು. ಊರಲ್ಲಿ ಅವರ ಮಾತಿಗೆ ಅಷ್ಟು ತೂಕವಿದೆ. ಕಾರಣ ಹೇಳಿದರೆ "ಈ ವರ್ಷ ಆಗದು" ಎಂಬುದೂ ಉತ್ತರವೇ, ನಾವು ಅದನ್ನು ತಾಳಿಕೊಳ್ಳುತ್ತೇವೆ. ಮೌನವನ್ನು ತಾಳಿಕೊಳ್ಳಲಾಗುವುದಿಲ್ಲ.

ಹಾಗಾಗಿ ತಮ್ಮಲ್ಲಿ ಕೇಳುವುದು ಒಂದು ಸುತ್ತೋಲೆ. ಪ್ರತಿ ವಾರ್ಡ್ ಸಭೆ ಹಿಂದಿನ ವರ್ಷದ ಬೇಡಿಕೆಗಳನ್ನು ಓದುವುದರಿಂದಲೇ ಶುರುವಾಗಲಿ. ಯಾವುದು ಆಗಿದೆ, ಯಾವುದು ನಡೆಯುತ್ತಿದೆ, ಯಾವುದು ಆಗಿಲ್ಲ, ಯಾಕಾಗಿಲ್ಲ ಎಂದು ಹೇಳಿ ಮುಗಿಯುವ ತನಕ ಹೊಸದೊಂದನ್ನೂ ಬರೆದುಕೊಳ್ಳಬಾರದು. ಆ ಪಟ್ಟಿ ಸಭೆಗೆ ಒಂದು ವಾರ ಮೊದಲೇ ಹಾಲಿನ ಡೇರಿಯ, ನ್ಯಾಯಬೆಲೆ ಅಂಗಡಿಯ ಗೋಡೆಯಲ್ಲಿ ಇರಲಿ. ಕ್ರಿಯಾಯೋಜನೆಗಳು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಸಿಗುತ್ತವೆ, ಅದು ಒಳ್ಳೆಯದೇ. ಅಜ್ಜಿ ದಿನವೂ ನಿಲ್ಲುವುದು ಮಾತ್ರ ಡೇರಿಯ ಸಾಲಿನಲ್ಲಿ. ಹೊತ್ತಿನ ವಿಷಯವೂ ಇದೆ: ರಾಗಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬಂದಾರು? ಸಂಜೆ ಹಾಲು ಹಾಕಿದ ಮೇಲೆ ಇಡಲಿ, ಹೆಂಗಸರೂ ಬರುತ್ತಾರೆ.

ಇದು ಆಗುವ ಕೆಲಸ ಎಂಬುದನ್ನು ನಮ್ಮ ಶಾಲೆಯಲ್ಲೇ ಕಂಡಿದ್ದೇನೆ. ಮಕ್ಕಳ ಗ್ರಾಮಸಭೆಯಲ್ಲಿ ಒಬ್ಬ ಹುಡುಗಿ ಶೌಚಾಲಯದ ಬಾಗಿಲಿಗೆ ಚಿಲಕ ಕೇಳಿದಳು. ತಿಂಗಳೊಳಗೆ ಚಿಲಕ ಬಂತು. ಮುಂದಿನ ಸಭೆಗೆ ಮಕ್ಕಳೆಲ್ಲ ಚೀಟಿ ಬರೆದುಕೊಂಡೇ ಬಂದಿದ್ದರು.

ಮುಂದಿನ ವಾರ್ಡ್ ಸಭೆಗೆ ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಬರುತ್ತೇನೆಂದು ಒಪ್ಪಿದ್ದಾರೆ, ಮೊದಲು ಸ್ಮಶಾನದ ದಾರಿಯ ವಿಷಯ ಓದಬೇಕೆಂಬ ಷರತ್ತಿನ ಮೇಲೆ. ತಮ್ಮ ಸುತ್ತೋಲೆ ಅಷ್ಟರೊಳಗೆ ನಮ್ಮ ಪಂಚಾಯತಿ ತಲುಪಲಿ.

ಇತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಮತದಾರ