ಏಳು ದಿನದ ಹೊಳಪು, ಒಂದೂವರೆ ವರ್ಷದ ಸಾಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಏಳೇ ದಿನದಲ್ಲಿ ಮುಖಕ್ಕೆ ಹೊಳಪು ತರಿಸಿಕೊಳ್ಳುವ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಓದಿ ಸುಮ್ನಿರೋಣ ಅಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಏಳು ದಿನದಲ್ಲಿ ಹೊಳಪು ಬರುತ್ತದೆ, ನನಗೇ ಬಂದಿತ್ತು. ಆ ಹೊಳಪಿನ ಸಾಲ ತೀರಿಸೋಕೆ ಒಂದೂವರೆ ವರ್ಷ ಹಿಡಿಯಿತು. ಪತ್ರ ಉದ್ದ ಆಯಿತು ಅನ್ನಿಸಿದರೆ ಕತ್ತರಿ ಹಾಕಿ, ಬೇಜಾರಿಲ್ಲ. ಟ್ಯೂಬಿನ ಕಥೆ ಮಾತ್ರ ಉಳಿಸಿ.

ನನ್ನದು ಲೆಕ್ಕ ಬರೆಯುವ ಕೆಲಸ. ದಿನವಿಡೀ ಕಿಟಕಿ ಪಕ್ಕದ ಮೇಜು. ಕೆಲವು ವರ್ಷಗಳ ಹಿಂದೆ ಎರಡೂ ಕೆನ್ನೆಗೆ ಬಂಗು, ಅಂದರೆ ಕಂದು ಕಲೆ, ಬಂತು, ಎಡಗಡೆ ಸ್ವಲ್ಪ ಜಾಸ್ತಿ. ಎಡಗಡೆಯೇ ಯಾಕೆ ಅಂತ ಆಗ ಯೋಚಿಸಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬ್ಯಾಗಿನಿಂದ ಅರ್ಧ ಹಿಂಡಿದ ಟ್ಯೂಬ್ ತೆಗೆದು, ‘ರಾತ್ರಿ ಹಚ್ಚಿ ಮಲಗಿ, ನನಗೆ ಪೂರ್ತಿ ಹೋಯ್ತು’ ಅಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಅಂಗಡಿಯಲ್ಲಿ ಅದೇ ಹೆಸರು ಹೇಳಿ ತಂದೆ.

ನಾಲ್ಕನೇ ದಿನಕ್ಕೇ ಮುಖ ತಿಳಿಯಾಯಿತು. ವಾರ ಕಳೆಯುವಷ್ಟರಲ್ಲಿ ಕನ್ನಡಿ ಮುಂದೆ ನಿಲ್ಲೋದೇ ಒಂದು ಖುಷಿ. ‘ಏನ್ ಹಚ್ತೀರಿ, ನಮಗೂ ಹೇಳಿ’ ಅಂತ ಕೇಳುವವರು ಶುರುವಾದರು, ನಾನೂ ಹೇಳಿದೆ. (ಅವರಲ್ಲಿ ಇಬ್ಬರ ಹತ್ತಿರ ಆಮೇಲೆ ಕ್ಷಮೆ ಕೇಳಿದ್ದೇನೆ.) ಟ್ಯೂಬ್ ಮುಗಿದಾಗ ಇನ್ನೊಂದು ತಂದೆ, ಅದು ಮುಗಿದಾಗ ಮತ್ತೊಂದು. ಯಾರೂ ಡಾಕ್ಟರ ಚೀಟಿ ಕೇಳಲಿಲ್ಲ. ಹೀಗೆ ಎಂಟು ತಿಂಗಳು.

ಒಮ್ಮೆ ಪ್ರಯಾಣ ಹೊರಟಾಗ ಟ್ಯೂಬನ್ನು ಮನೆಯಲ್ಲೇ ಮರೆತೆ. ಮೂರನೇ ದಿನ ಮುಖ ಕೆಂಡದ ಹಾಗಾಯಿತು. ತಣ್ಣೀರು ಎರಚಿದರೂ ಉರಿ. ಗಲ್ಲದ ಸುತ್ತ ಸಣ್ಣ ಸಣ್ಣ ಗುಳ್ಳೆ. ಇದೇನು ನೀರಿನ ದೋಷ ಇರಬೇಕು ಅಂದುಕೊಂಡು, ವಾಪಸ್ ಬಂದು ಅದೇ ಕ್ರೀಮ್ ಹಚ್ಚಿದೆ. ಒಂದೆರಡು ರಾತ್ರಿಗೇ ತಣ್ಣಗಾಯಿತು. ಅನುಮಾನ ಬಂದಿದ್ದು ಆಗಲೇ. ಹಚ್ಚಿದರೆ ಸುಮ್ಮನಿರುತ್ತದೆ, ಬಿಟ್ಟರೆ ಜಗಳಕ್ಕೆ ನಿಲ್ಲುತ್ತದೆ, ಇದು ಔಷಧಿಯೋ ಚಟವೋ?

ಚರ್ಮದ ಡಾಕ್ಟರ ಹತ್ತಿರ ಹೋದರೆ ಅವರು ಮುಖ ನೋಡುವ ಮೊದಲೇ ‘ಏನು ಹಚ್ತಿದ್ದೀರೋ ಅದನ್ನ ತಂದಿದ್ದೀರಾ?’ ಅಂತ ಕೇಳಿದರು. ಕೊಟ್ಟೆ. ಟ್ಯೂಬಿನ ಬಾಲ ನಾಲ್ಕು ಸುತ್ತು ಮಡಚಿಕೊಂಡಿತ್ತು, ಅಕ್ಷರದ ಮೇಲೆಲ್ಲ ಗೀರು. ಅವರು ಒಂದೊಂದೇ ಮಡಿಕೆ ಬಿಚ್ಚಿ, ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ನೀವಿ ಚಪ್ಪಟೆ ಮಾಡಿ, ಮೊಬೈಲ್ ಟಾರ್ಚ್ ಹಿಡಿದು ನನ್ನಿಂದಲೇ ಓದಿಸಿದರು. ಹೈಡ್ರೋಕ್ವಿನೋನ್. ಟ್ರೆಟಿನಾಯಿನ್. ಮೊಮೆಟಾಸೋನ್. ‘ಆ ಕೊನೇದು ಸ್ಟೀರಾಯ್ಡು. ಎಷ್ಟು ದಿನ ಹಚ್ಚಿದ್ರಿ?’ ಎಂಟು ತಿಂಗಳು ಅಂದೆ. ಅವರು ಪೆನ್ನು ಕೆಳಗಿಟ್ಟರು. ಬೇರೆಯವರ ವೋಚರಿನಲ್ಲಿ ಒಂದು ಸೊನ್ನೆ ಹೆಚ್ಚಾದರೂ ಹಿಡಿಯುವವಳು ನಾನು, ಎಂಟು ತಿಂಗಳು ಮುಖಕ್ಕೆ ಬಳಿದುಕೊಂಡಿದ್ದರ ಹಿಂಬದಿ ಒಂದು ಸಲವೂ ಓದಿರಲಿಲ್ಲ.

ಹೈಡ್ರೋಕ್ವಿನೋನ್ ಕಲೆಯ ಬಣ್ಣ ತಿಳಿಯಾಗಿಸುವುದು, ಟ್ರೆಟಿನಾಯಿನ್ ಚರ್ಮದ ಜೀವಕೋಶ ಬೇಗ ಬದಲಾಗುವಂತೆ ಮಾಡುವುದು. ಈ ಮೂರರ ಬೆರಕೆ ಕಳ್ಳಮಾಲೇನೂ ಅಲ್ಲ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಅನ್ನುವ ಚರ್ಮವೈದ್ಯರು ಇಂಥದೇ ಒಂದು ಬೆರಕೆಯನ್ನು ಬರೆದಿಟ್ಟರು, ಅವರು ಹಾಕಿದ್ದು ಬೇರೆ ಸ್ಟೀರಾಯ್ಡ್, ಅಷ್ಟೇ. ಬಂಗಿಗೆ ಈಗಲೂ ಡಾಕ್ಟರು ಕೊಡುತ್ತಾರೆ. ಆದರೆ ಸುಮಾರು 8 ವಾರ, ಅದೂ ನಡುನಡುವೆ ಕರೆಸಿ ನೋಡಿಕೊಂಡು. ಸ್ಟೀರಾಯ್ಡ್ ಮಾಡುವುದು ಏನೆಂದರೆ ಚರ್ಮದೊಳಗಿನ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕೆಂಪು ಮತ್ತು ಊತ ಅಡಗಿಸುತ್ತದೆ, ಮುಖ ತೆಳುಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ಹೊಗಳಿದ ಆ ಹೊಳಪಿನಲ್ಲಿ ಇದರ ಪಾಲು ಜಾಸ್ತಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗಿನ ನಾಳಗಳು ಕೆಂಪು ದಾರದ ಹಾಗೆ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಕೆನ್ನೆ ಮೇಲೆ ಕೂದಲು ಬೆಳೆಯುತ್ತದೆ. ನನಗೆ ಮೂರೂ ಆಯಿತು. ಬಿಟ್ಟಾಗ ಕುಗ್ಗಿದ್ದ ನಾಳಗಳೆಲ್ಲ ಒಟ್ಟಿಗೆ ಹಿಗ್ಗುತ್ತವೆ, ಆ ಉರಿ ಅಲ್ಲಿಂದ.

ಹಾಗಂತ ಸ್ಟೀರಾಯ್ಡ್ ಅಂದ ಕೂಡಲೇ ಓಡಿಹೋಗಬೇಡಿ. ಇಸುಬಿಗೆ ಅದು ದೊಡ್ಡ ಉಪಕಾರ. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ. ಅಳತೆಗೂ ಒಂದು ಉಪಾಯ ಇದೆ: ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹುಳುಕಡ್ಡಿಗೆ ಮಾತ್ರ ಡಾಕ್ಟರನ್ನು ಕೇಳದೆ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಬೇಡಿ. ತುರಿಕೆ ನಿಂತು ಬಿಡುತ್ತದೆ, ವಾಸಿ ಆಯ್ತು ಅಂತ ಅನಿಸುತ್ತದೆ, ಒಳಗೊಳಗೇ ಅದು ಹರಡುತ್ತಾ ಇರುತ್ತದೆ.

ಈಗ ನಿಮ್ಮ ಏಳು ದಿನದ ವಿಷಯಕ್ಕೆ ಬರುತ್ತೇನೆ. ಚರ್ಮದ ಹೊರಪದರದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರೋಕೆ ಸುಮಾರು 4 ವಾರ ಬೇಕು. ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಅಂದರೆ ಇವತ್ತು ಹಚ್ಚಿದ್ದು ತಳದಲ್ಲಿ ಏನಾದರೂ ಮಾಡಿದ್ದರೆ ಅದು ನಮ್ಮ ಕಣ್ಣಿಗೆ ಬೀಳೋದು ಮುಂದಿನ ತಿಂಗಳು. ಏಳು ದಿನದಲ್ಲಿ ಬದಲಾಗೋದು ಮೇಲಿನ ತೇವ, ಊತ, ಕೆಂಪು, ಇಷ್ಟೇ. ಮೊಡವೆ ಔಷಧಿಗೆ 6ರಿಂದ 8 ವಾರ ಕಾಯಿರಿ ಅಂತ ಡಾಕ್ಟರು ಹೇಳುವುದು, ರೆಟಿನಾಯ್ಡ್ (ಟ್ರೆಟಿನಾಯಿನ್ ಇದೇ ಜಾತಿಯದು) ಕೊಟ್ಟರೆ 12 ವಾರ ಅನ್ನುವುದು ಇದೇ ಕಾರಣಕ್ಕೆ. ನಾವು ಎರಡು ವಾರಕ್ಕೇ ‘ಇದು ನಂಗೆ ಆಗಲ್ಲ’ ಅಂತ ಬದಲಾಯಿಸುತ್ತೇವೆ, ಮತ್ತೆ ಒಂದರಿಂದ ಎಣಿಕೆ.

ದಿನದ ಆರೈಕೆ ಅಂತ ಡಾಕ್ಟರು ನನಗೆ ಹೇಳಿದ್ದು ನಾಚಿಕೆ ಆಗುವಷ್ಟು ಕಡಿಮೆ. ಉಜ್ಜಬೇಡಿ. ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಬೆಳಿಗ್ಗೆ ಸನ್‌ಸ್ಕ್ರೀನ್. ‘ಇಷ್ಟೇನಾ?’ ಅಂದೆ. ‘ಇಷ್ಟನ್ನ ಮಾಡಿ ನೋಡೋಣ’ ಅಂದರು.

ಉಜ್ಜುವ ವಿಷಯದಲ್ಲಿ ನಾನು ದೊಡ್ಡ ಅಪರಾಧಿ. ಮುಖ ತೊಳೆದ ಮೇಲೆ ಬಿಗಿಯಾಗಿ ಎಳೆದ ಹಾಗೆ ಅನಿಸಿದರೇನೇ ಶುಚಿಯಾಯಿತು ಅನ್ನೋ ನಂಬಿಕೆ. ಚರ್ಮದ ಮೇಲ್ಪದರ ಗೋಡೆ ಇದ್ದ ಹಾಗಂತೆ, ಸತ್ತ ಜೀವಕೋಶ ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ನಾನು ದಿನಾ ಮೂರು ಸಲ ಸೋಪು ಹಾಕಿ ಗಾರೆ ಕೆರೆಯುತ್ತಿದ್ದೆ. ಚರ್ಮ ಸ್ವಲ್ಪ ಹುಳಿ ಗುಣದ್ದು, ಹುಳಿ-ಕ್ಷಾರ ಅಳೆಯುವ ಪಿಎಚ್ ಅಂಕಿ ಅಂದಾಜು 5. ಮಾಮೂಲಿ ಬಾರ್ ಸೋಪಿನದು 9, 10, ಅಂದರೆ ಕ್ಷಾರ. ಗಾರೆ ಹೋದ ಗೋಡೆಯಿಂದ ನೀರು ಆವಿಯಾಗಿ ಹೋಗುತ್ತದೆ, ಹೊರಗಿನದು ಒಳಗೆ ನುಗ್ಗುತ್ತದೆ, ಆಮೇಲೆ ಏನು ಹಚ್ಚಿದರೂ ಉರಿ. ಬಿಸಿನೀರೂ ಅದೇ ಕೆಲಸ ಮಾಡುತ್ತದೆ. ಈಗ ಉಗುರುಬೆಚ್ಚನೆ ನೀರು, ಹತ್ತು ನಿಮಿಷದೊಳಗೆ ಸ್ನಾನ, ಟವೆಲಿನಿಂದ ಒತ್ತಿ ಒರೆಸಿ ಆ ಪಸೆ ಇರುವಾಗಲೇ ಮಾಯಿಶ್ಚರೈಸರ್.

ಸನ್‌ಸ್ಕ್ರೀನಿನಲ್ಲಿ ನನ್ನ ಲೆಕ್ಕದ ಬುದ್ಧಿ ಕೆಲಸಕ್ಕೆ ಬಂತು. ಎಸ್‌ಪಿಎಫ್ 30 ಅಂತ ಬರೆದಿರುವುದನ್ನು ಸರಿಯಾಗಿ ಹಚ್ಚಿದರೆ ಚರ್ಮ ಸುಡುವ ಯುವಿಬಿ ಕಿರಣದಲ್ಲಿ ಸುಮಾರು ಶೇ 97ನ್ನು ತಡೆಯುತ್ತದೆ, 50 ಆದರೆ ಶೇ 98. ವ್ಯತ್ಯಾಸ ಒಂದೇ ಒಂದು. ಆದರೆ ಈ ಅಂಕಿ ಬಂದಿದ್ದು ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ನಾವು ಹಚ್ಚೋದು ಅದರ ಅರ್ಧ, ಕಾಲು. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಹಿಂಡಬೇಕು, ಕಡಿಮೆ ಅಂದರೂ ಒಂದು ಗ್ರಾಂ ಹಿಡಿಯಿರಿ. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬ್ 50 ದಿನಕ್ಕೆ ಮುಗಿಯಬೇಕು ಅಲ್ವಾ? ಡಾಕ್ಟರು ಹೇಳುವುದಕ್ಕೂ ಮೊದಲು ನನ್ನ ಹತ್ತಿರ ಇದ್ದ ಸನ್‌ಸ್ಕ್ರೀನ್ ಟ್ಯೂಬ್ ಹತ್ತು ತಿಂಗಳಾದರೂ ಮುಗಿದಿರಲಿಲ್ಲ. ಎಷ್ಟು ಉಳಿತಾಯ ಅಂತ ಹೆಮ್ಮೆ ಬೇರೆ! ಬಿಸಿಲಲ್ಲಿ ಓಡಾಡುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಷ್ಟು ಆಗಲಿಲ್ಲ ಅಂದರೆ ಕೊಡೆ, ಅಗಲ ಅಂಚಿನ ಟೋಪಿ, ತುಂಬುತೋಳು. ಬಟ್ಟೆಯನ್ನು ಮತ್ತೆ ಮತ್ತೆ ಹಚ್ಚುವ ರಗಳೆ ಇಲ್ಲ.

ಎಡಗೆನ್ನೆಯ ಉತ್ತರವೂ ಇಲ್ಲೇ ಸಿಕ್ಕಿತು. ಕಿಟಕಿ ಗಾಜು ಯುವಿಬಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ಚರ್ಮದ ಇನ್ನೂ ಆಳಕ್ಕೆ ಇಳಿಯುವ ಯುವಿಎ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ನನ್ನ ಕಿಟಕಿ ಇದ್ದದ್ದು ಎಡಗಡೆ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರುವೇ, ಅದಕ್ಕೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ನಾನು ‘ಬಿಸಿಲಿಗೇ ಹೋಗಲ್ಲ’ ಅಂತ ಹೇಳಿಕೊಂಡು ದಿನಕ್ಕೆ ಏಳು ಗಂಟೆ ಬಿಸಿಲಿಗೆ ಕೆನ್ನೆ ಕೊಟ್ಟು ಕೂತಿದ್ದೆ.

ಇನ್ನು ಕ್ಲಿನಿಕ್ಕಿನ ಮಾತು. ಪೀಲ್ (ರಾಸಾಯನಿಕ ಹಚ್ಚಿ ಮೇಲ್ಪದರ ಸುಲಿಸುವುದು), ಲೇಸರ್ ಎಲ್ಲ ಮೋಸ ಅಂತ ಹೇಳುವವಳಲ್ಲ ನಾನು. ಮೊಡವೆ ಬಿಟ್ಟುಹೋದ ಕುಳಿಗೆ ಕ್ರೀಮಿನಿಂದ ಹೆಚ್ಚೇನೂ ಆಗದು, ಅಲ್ಲಿ ಸೂಜಿಯಿಂದ ಚುಚ್ಚುವ ಚಿಕಿತ್ಸೆ, ಲೇಸರ್ ಇಂಥದ್ದು ಬೇಕಾಗುತ್ತದೆ. ಆದರೆ ನನ್ನ ತಂಗಿ ಮಗಳು ಕೂದಲು ತೆಗೆಸೋಕೆ ಅಂತ ಒಂದು ಕಡೆ ಹೋಗಿ, ಎರಡೂ ಕೆನ್ನೆ ಮೇಲೆ ಅಚ್ಚೊತ್ತಿದ ಹಾಗೆ ಕಂದು ಚೌಕಗಳನ್ನು ಹೊತ್ತುಕೊಂಡು ಬಂದಳು. ಯಂತ್ರ ಹಿಡಿದವರು ಡಾಕ್ಟರಲ್ಲ. ಹಿಂದಿನ ವಾರ ಬಿಸಿಲಲ್ಲಿ ಓಡಾಡಿದ್ದೀಯಾ, ಯಾವುದಾದರೂ ಮಾತ್ರೆ ತಗೋತಿದ್ದೀಯಾ ಅಂತ ಕೇಳಿದವರಿಲ್ಲ. ಕಿವಿ ಹತ್ತಿರ ಒಂದು ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಲಿಲ್ಲ.

ಕಪ್ಪು, ಕಂದು ಚರ್ಮಕ್ಕೆ ಇದು ಸುಮ್ನೆ ಮಾತಲ್ಲ. ಕೂದಲಿನ ಲೇಸರ್ ಹುಡುಕುವುದೇ ಕಪ್ಪು ಬಣ್ಣವನ್ನು, ಅದು ಬೇರಿನಲ್ಲಿದೆಯೋ ಚರ್ಮದಲ್ಲಿದೆಯೋ ಅಂತ ಅದಕ್ಕೆ ಗೊತ್ತಾಗದು. 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಲೇಸರನ್ನು ಮೇಲಿನ ಬಣ್ಣ ಕಡಿಮೆ ಹೀರುತ್ತದೆ, ಆ ಬೆಳಕು ಆಳಕ್ಕೂ ಇಳಿಯುತ್ತದೆ, ಹಾಗಾಗಿ ಗಾಢ ಬಣ್ಣದವರಿಗೆ ಅದು ಹೆಚ್ಚು ಸುರಕ್ಷಿತ. ಚರ್ಮದ ಬಣ್ಣ ಅಳೆಯಲು ಎಲ್ಲರೂ ಬಳಸುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯಲ್ಲೂ 1975ರಲ್ಲಿ ಶುರುವಾದಾಗ ಇದ್ದದ್ದು ಬಿಳಿಯರ ಚರ್ಮವೇ. ಕಂದು ಮತ್ತು ಕಪ್ಪಿಗೆ ಜಾಗ ಸಿಕ್ಕಿದ್ದು ಆಮೇಲೆ. ಅದಕ್ಕೇ ‘ನನ್ನ ಬಣ್ಣದವರಿಗೆ ಎಷ್ಟು ಜನಕ್ಕೆ ಮಾಡಿದ್ದೀರಿ’ ಅಂತ ಕೇಳೋಕೆ ಸಂಕೋಚ ಬೇಡ. ಯಂತ್ರದ ಹೆಸರು ಕೇಳಿ. ಸುಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಕೇಳಿ. ಒಂದೇ ಸಲಕ್ಕೆ ಮುಗಿಸಿಬಿಡ್ತೀವಿ ಅಂದರೆ ಎದ್ದು ಬನ್ನಿ, ಬೆಳೆಯುತ್ತಿರುವ ಕೂದಲನ್ನಷ್ಟೇ ಲೇಸರ್ ಹಿಡಿಯೋದು, ಎಲ್ಲ ಕೂದಲೂ ಒಟ್ಟಿಗೆ ಬೆಳೆಯೋದಿಲ್ಲ.

ಇನ್ನೊಂದು, ಲೇಬಲ್ಲೇ ಇಲ್ಲದ ಬೆಳ್ಳಗಾಗಿಸುವ ಡಬ್ಬಿಗಳು. ಅವುಗಳಲ್ಲಿ ಪಾದರಸ ಇರುವ ಸಾಧ್ಯತೆ ಇದೆ. ಪಾದರಸ ಬಣ್ಣ ಹುಟ್ಟುವುದನ್ನು ತಡೆಯುತ್ತದೆ ನಿಜ, ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ಪಾದರಸಕ್ಕೆ ಕಡಿವಾಣ ಹಾಕುವ 2013ರ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದಲ್ಲಿ ಇಂಥ ಸೌಂದರ್ಯ ಸಾಧನಗಳ ಹೆಸರೂ ಇದೆ. ಲೇಬಲ್ ಇರುವ ಡಬ್ಬಿಯಲ್ಲಿ ಕ್ಯಾಲೊಮೆಲ್ ಅಂತ ಬರೆದಿದ್ದರೆ ಅದೂ ಪಾದರಸವೇ. ಹಾಗೇ, ಬೆಳೆಯುವ, ಬಣ್ಣ ಬದಲಿಸುವ ಅಥವಾ ರಕ್ತ ಬರುವ ಮಚ್ಚೆ ಇದ್ದರೆ ಕ್ರೀಮು, ಪಾರ್ಲರು ಬಿಟ್ಟು ಸೀದಾ ಡಾಕ್ಟರ ಹತ್ತಿರ ಹೋಗಿ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಚರ್ಮದ ಬಗ್ಗೆ ಏನೇ ಅಚ್ಚು ಹಾಕಿ, ಕೊನೆಯಲ್ಲಿ ಎರಡು ಸಾಲು ಸೇರಿಸಿ: ಇದಕ್ಕೆ ಎಷ್ಟು ವಾರ ಬೇಕು, ಮತ್ತು ಇದನ್ನು ಯಾವಾಗ ನಿಲ್ಲಿಸಬೇಕು. ಆ ಎರಡನೇ ಸಾಲು ಎಂಟು ತಿಂಗಳಲ್ಲಿ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಂಗು ಪೂರ್ತಿ ಹೋಗಿಲ್ಲ. ತಿಳಿಯಾಗಿದೆ, ಬಿಸಿಲು ಜಾಸ್ತಿಯಾದಾಗ ಮತ್ತೆ ತಲೆ ಎತ್ತುತ್ತದೆ. ಮೇಜನ್ನು ಗೋಡೆ ಕಡೆಗೆ ಸರಿಸಿಕೊಂಡಿದ್ದೇನೆ. ಈಗಿನ ಸನ್‌ಸ್ಕ್ರೀನ್ ಟ್ಯೂಬಿನ ಮೇಲೆ ಪೆನ್ನಿನಿಂದ ತಾರೀಖು ಬರೆದಿದ್ದೇನೆ, ಹೋದ ಸಲದ್ದು 46 ದಿನಕ್ಕೆ ಖಾಲಿಯಾಯಿತು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು