ಒಂಬತ್ತು ಸಲ ಕೇಳಿದ ಸಂಪಾದಕ

ಕನ್ನಡ ಬಂಧುಗಳಿಗೆ ನಮಸ್ಕಾರ.

ಹೋದ ತಿಂಗಳು ಲಂಡನ್ನಿನ ಹೋಬರ್ನ್ ಕಡೆ ಕೆಲಸವಿತ್ತು. ಮುಗಿಸಿಕೊಂಡು ರೆಡ್ ಲಯನ್ ಸ್ಕ್ವೇರ್ ಪಾರ್ಕಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತೆ. ಅಲ್ಲೊಂದು ಕಂಚಿನ ಪ್ರತಿಮೆ ಇದೆ. ಕೈ ಚಾಚಿ ಮಾತಾಡುತ್ತಾ ನಿಂತಿರುವ ಹಿರಿಯರು, ಬ್ರಿಟನ್ನಿನ ಪತ್ರಕರ್ತ ಮತ್ತು ಸಂಸದ ಫೆನ್ನರ್ ಬ್ರಾಕ್‌ವೇ. 1985ರಲ್ಲಿ ಅದನ್ನು ನಿಲ್ಲಿಸಿದಾಗ ಅವರಿನ್ನೂ ಬದುಕಿದ್ದರು.

ಹುಟ್ಟಿದ್ದು 1888ರಲ್ಲಿ ಕಲ್ಕತ್ತಾದಲ್ಲಿ, ಪಾದ್ರಿಗಳ ಮನೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಪತ್ರಿಕೆ ಕೆಲಸ ಹಿಡಿದರು. ಕಾರ್ಮಿಕ ನಾಯಕ ಕೀರ್ ಹಾರ್ಡಿಯವರ ಸಂದರ್ಶನಕ್ಕೆ ಹೋದವರು ಅವರ ದಾರಿಯನ್ನೇ ಹಿಡಿದು ವಾಪಸ್ ಬಂದರು. ಮುಂದೆ 'ಲೇಬರ್ ಲೀಡರ್' ವಾರಪತ್ರಿಕೆಯ ಸಂಪಾದಕರಾದರು. ಮೊದಲ ಮಹಾಯುದ್ಧ ಬಂದಾಗ ಯುದ್ಧ ಬೇಡ ಅಂತ ಬರೆದರು. 1915ರಲ್ಲಿ ಪೊಲೀಸರು ಪತ್ರಿಕೆಯ ಕಚೇರಿಗೇ ನುಗ್ಗಿದರು. ಸೈನ್ಯಕ್ಕೆ ಸೇರಲು ಒಪ್ಪದ್ದಕ್ಕೆ ಆಮೇಲೆ ಜೈಲೂ ಆಯಿತು.

ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು ಆ ಜೈಲಿನ ಕಥೆ. ಲಿವರ್‌ಪೂಲಿನ ವಾಲ್ಟನ್ ಜೈಲು. ಕೈದಿಗಳು ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಬ್ರಾಕ್‌ವೇ ಅಲ್ಲೂ ಪತ್ರಿಕೆ ತಂದರು! ಟಾಯ್ಲೆಟ್ ಪೇಪರ್ ಮೇಲೆ ಕದ್ದುಮುಚ್ಚಿ ಬರೆಯುವುದು, ಕೈಯಿಂದ ಕೈಗೆ ದಾಟಿಸುವುದು. ಅದಕ್ಕೆ 'ವಾಲ್ಟನ್ ಲೀಡರ್' ಅಂತ ಹೆಸರು. ಗೊತ್ತಾದಾಗ ಶಿಕ್ಷೆಯೂ ಸಿಕ್ಕಿತು. ನಮ್ಮ ಈ ಪುಟಗಳನ್ನು ಜೋಡಿಸುತ್ತಾ ಕೂತಾಗೆಲ್ಲ ನನಗೆ ಆ ಕಾಗದ ನೆನಪಾಗುತ್ತದೆ.

1929ರಲ್ಲಿ ಪಾರ್ಲಿಮೆಂಟಿಗೆ ಗೆದ್ದು ಬಂದರು. ಮರುವರ್ಷ ಗಾಂಧೀಜಿ ಜೈಲಿನಲ್ಲಿದ್ದರು. ಭಾರತದ ವಿಷಯ ಚರ್ಚೆ ಆಗಲೇಬೇಕು ಅಂತ ಬ್ರಾಕ್‌ವೇ ಸದನದಲ್ಲಿ ಪಟ್ಟು ಹಿಡಿದರು, ಅಮಾನತಾದರು. ಅದನ್ನು ವಿರೋಧಿಸಿ ಇನ್ನೊಬ್ಬ ಸದಸ್ಯರು ಸದನದ ಅಧಿಕಾರದ ಗುರುತಾದ ಗದೆಯನ್ನೇ ಎತ್ತಿಕೊಂಡು ಹೊರಟರಂತೆ.

1950ರಿಂದ ಅವರು ಈಟನ್ ಮತ್ತು ಸ್ಲೌ ಕ್ಷೇತ್ರದ ಸಂಸದರು. ಆಗ ಇಲ್ಲಿ ಬ್ರಿಟನ್ನಿನಲ್ಲಿ ಬಾಡಿಗೆ ಕೋಣೆಯ ಕಿಟಕಿಯಲ್ಲಿ 'ಬಣ್ಣದವರಿಗೆ ಕೊಡುವುದಿಲ್ಲ' ಅಂತ ಚೀಟಿ ಅಂಟಿಸಿದರೆ ಕೇಳುವ ಕಾನೂನೇ ಇರಲಿಲ್ಲ. ಮೈಬಣ್ಣ ನೋಡಿ ಭೇದ ಮಾಡುವುದು ತಪ್ಪು ಎನ್ನುವ ಮಸೂದೆಯನ್ನು ಅವರು ಒಂಬತ್ತು ಸಲ ಮಂಡಿಸಿದರು. ಒಂದು ಸಲವೂ ಪಾಸಾಗಲಿಲ್ಲ. 1964ರ ಚುನಾವಣೆಯಲ್ಲಿ ಬರೀ 11 ಮತಗಳಿಂದ ಸೋತರು. ಮರುವರ್ಷವೇ ಸರ್ಕಾರ ಜನಾಂಗೀಯ ಭೇದದ ವಿರುದ್ಧ ಮೊದಲ ಕಾನೂನು ತಂದಿತು. ಆಗ ಅವರು ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿದ್ದರು. ಆ ಕಾನೂನು ಹೋಟೆಲು, ಬಸ್ಸು, ಸಿನಿಮಾ ಮಂದಿರದಂಥ ಜಾಗಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಮನೆ ಮತ್ತು ಕೆಲಸ ಅದರೊಳಗೆ ಬರಲು 1968ರವರೆಗೆ ಕಾಯಬೇಕಾಯಿತು. 1988ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಲು ಕೆಲವೇ ತಿಂಗಳು ಬಾಕಿ ಇತ್ತು.

ಅರವತ್ತರ ದಶಕದಲ್ಲಿ ಈ ದೇಶಕ್ಕೆ ಬಂದ ಹಿರಿಯರು ನಮ್ಮ ನಡುವೆ ಇದ್ದಾರೆ ಅಲ್ವಾ. ಮೊದಲ ಕೋಣೆ ಹುಡುಕಿದ್ದು, ಬಾಗಿಲು ತಟ್ಟಿದಾಗ ಕೇಳಿಸಿಕೊಂಡದ್ದು, ಕೊನೆಗೆ ಯಾರು ಒಳಗೆ ಕರೆದರು ಎನ್ನುವುದು, ಇದನ್ನೆಲ್ಲ ದಯವಿಟ್ಟು ಬರೆದು ಕಳುಹಿಸಿ. ಕೈಬರಹವಾದರೂ ಪರವಾಗಿಲ್ಲ, ನಾನೇ ಟೈಪ್ ಮಾಡುತ್ತೇನೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಇದಕ್ಕಾಗಿಯೇ ಎತ್ತಿಟ್ಟಿದ್ದೇನೆ.

— ಸಂಪಾದಕ